ಐವರಲ್ಲಿ ಒಬ್ಬಳು

ಶುಕ್ರವಾರ ರಾತ್ರಿ ಸ್ವಾರಗೇಟ ಬಸ್ ನಿಲ್ದಾಣ ಹೇಗಿರುತ್ತದೆ ಅಂತ ಪುಣೆಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ ಅಂತ ಕೂಗುವ ಕಂಡಕ್ಟರ್‌ಗಳ ದನಿ ಕೇಳಿದರೆ ಅರ್ಧ ಊರು ಮುಟ್ಟಿದ ಹಾಗೆಯೇ. ಕಳೆದ ತಿಂಗಳು ನಾನೂ ಮಗಳೂ ಧಾರವಾಡಕ್ಕೆ ಹೊರಟು ಅಲ್ಲಿ ಕಾಯುತ್ತಿದ್ದೆವು. ಬಸ್ಸು ತಡವಾಗಿತ್ತು. ಮಗಳ ಮುಖ ಸಣ್ಣಗಾಗಿತ್ತು.

"ಅಪ್ಪಾ, ನಾ ಸೋಮವಾರದಿಂದ ಕ್ಲಾಸಿಗೆ ಹೋಗಂಗಿಲ್ಲ."

ಎರಡು ವರ್ಷದಿಂದ ಅವಳು ರಿದಮಿಕ್ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ಒಬ್ಬಂಟಿ ಸ್ಪರ್ಧೆಗೆ ಅವಳನ್ನು ಆರಿಸಲಿಲ್ಲ, ಗುಂಪಿಗೆ ಹಾಕಿದರು. ಗುಂಪಿನಲ್ಲಿ ಐವರು ಆಡುತ್ತಾರೆ. ಇವಳು ಆರನೆಯವಳು.

"ಗುಂಪಿನ್ಯಾಗ ಯಾರ ಹೆಸರೂ ಯಾರಿಗೂ ಗೊತ್ತಾಗಂಗಿಲ್ಲ. ಅದರಾಗ ನಾ ಆರನೇದಾಕಿ," ಅಂದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಅದೇ ವಾರ ಆಫೀಸಿನಲ್ಲಿ ನನಗೂ ಹೆಚ್ಚುಕಡಿಮೆ ಅದೇ ಆಗಿತ್ತು. ಮೂರು ವರ್ಷ ನಾವು ಐದಾರು ಜನ ಸೇರಿ ಕಟ್ಟಿದ ಕೆಲಸಕ್ಕೆ ಇನ್ಯಾರದೋ ಹೆಸರು ಬಂತು. ಹೊಸದಾಗಿ ಬಂದ ಹುಡುಗರಿಗೆ ಕಲಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ರಾಜೀನಾಮೆಯ ಮೇಲ್ ಬರೆದು ಡ್ರಾಫ್ಟಿನಲ್ಲಿ ಇಟ್ಟಿದ್ದೆ. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

ಫೋನ್ ತೆಗೆದು ಅವಳಿಗೆ ಅನಸ್ತಾಸಿಯಾ ಬ್ಲಿಜ್ನ್ಯುಕ್ ಬಗ್ಗೆ ಹೇಳತೊಡಗಿದೆ. ಮಗಳ ಕ್ಲಾಸಿನ ನೆಪದಲ್ಲಿ ಈ ಆಟ ನೋಡಲು ಕಲಿತಾಗ ನನಗೆ ಸಿಕ್ಕ ಹೆಸರು ಇದು. 1994ರಲ್ಲಿ ಉಕ್ರೇನಿನ ಜಪೋರಿಝಿಯಾದಲ್ಲಿ ಹುಟ್ಟಿದವಳು, ಆಡಿದ್ದು ರಷ್ಯಾಕ್ಕೆ. ಹುಟ್ಟಿದೂರು ಒಂದು, ದುಡಿದೂರು ಇನ್ನೊಂದು. ಸ್ವಾರಗೇಟದಲ್ಲಿ ಬಸ್ಸಿಗೆ ಕಾಯುವವರಿಗೆ ಇದೇನು ಹೊಸದಲ್ಲ.

ಈ ಗುಂಪಿನ ಆಟದ ಲೆಕ್ಕ ಬಹಳ ಕಟುವಾದದ್ದು. ಹದಿಮೂರು ಮೀಟರ್ ಚೌಕದ ಹಾಸು, ಎರಡೂವರೆ ನಿಮಿಷದೊಳಗಿನ ಆಟ. ಒಬ್ಬಳು ಎಸೆದ ಚೆಂಡನ್ನೋ ಬಳೆಯನ್ನೋ ಇನ್ನೊಬ್ಬಳು ಹಿಡಿಯಬೇಕು, ಅದೂ ಎಷ್ಟೋ ಸಲ ನೋಡದೆಯೇ. ಎಸೆದವಳದು ತಪ್ಪೋ ಹಿಡಿದವಳದೋ ಅಂತ ಅಂಕಪಟ್ಟಿ ಹೇಳುವುದಿಲ್ಲ. ಅಂಕ ಹೋದರೆ ಐವರದೂ ಹೋಗುತ್ತದೆ.

ಒಲಿಂಪಿಕ್ಸ್‌ಗೆ ಗುಂಪು ಸ್ಪರ್ಧೆ ಬಂದದ್ದು 1996ರಲ್ಲಿ. ಅಟ್ಲಾಂಟಾದ ಆ ಮೊದಲ ಚಿನ್ನ ಸ್ಪೇನಿಗೆ. ಅಲ್ಲಿಂದ ಮುಂದೆ 2000ದಿಂದ 2016ರವರೆಗೆ ಐದೂ ಚಿನ್ನ ರಷ್ಯಾದವು. 2012ರ ಲಂಡನ್‌ನಲ್ಲಿ ಬ್ಲಿಜ್ನ್ಯುಕ್‌ಗೆ ಹದಿನೆಂಟು ವರ್ಷ. ರಷ್ಯಾ 57.000 ಅಂಕ, ಎರಡನೇ ಸ್ಥಾನದ ಬೆಲಾರುಸ್ 55.500. ಅವಳಿಗೆ ಮೊದಲ ಚಿನ್ನ.

ನಾಲ್ಕು ವರ್ಷದ ನಂತರ ರಿಯೋಗೆ ಬರುವಾಗ ಲಂಡನ್ ಗುಂಪಿನಿಂದ ಉಳಿದವಳು ಇವಳೊಬ್ಬಳೇ. ಉಳಿದ ನಾಲ್ವರು ಹೊಸಬರು. ಚಿನ್ನ ಗೆದ್ದವಳು ಮತ್ತೆ ಮೊದಲಿನಿಂದ ಬೇರೆ ನಾಲ್ಕು ಜೊತೆ ಕೈಗಳ ಅಳತೆ ಕಲಿಯಬೇಕು. ಯಾರು ಎಷ್ಟು ಎತ್ತರಕ್ಕೆ ಎಸೆಯುತ್ತಾರೆ, ಯಾರು ಅರ್ಧ ಹೆಜ್ಜೆ ಬೇಗ ಓಡುತ್ತಾರೆ ಅಂತ. ಫೈನಲ್‌ನಲ್ಲಿ ರಿಬ್ಬನ್ ಸುತ್ತು ಮುಗಿದಾಗ ರಷ್ಯಾಕ್ಕೆ 17.600, ಸ್ಪೇನಿಗೆ 17.800. ಹಿಂದೆ ಬಿದ್ದಿದ್ದರು. ಬಳೆ ಮತ್ತು ಕ್ಲಬ್‌ಗಳ ಎರಡನೇ ಸುತ್ತಿನಲ್ಲಿ 18.633 ತೆಗೆದರು. ಒಟ್ಟು 36.233, ಚಿನ್ನ. ಅದೇ ರಿಯೋದಲ್ಲಿ ಒಬ್ಬಂಟಿ ಸ್ಪರ್ಧೆಯ ಯಾನಾ ಕುದ್ರಿಯಾವ್‌ತ್ಸೆವಾ ಕೈಯಿಂದ ಕೊನೆ ಗಳಿಗೆಯಲ್ಲಿ ಕ್ಲಬ್ ಬಿದ್ದು ಚಿನ್ನ ತಪ್ಪಿತು. ಅವಳ ನೋವು ಅವಳೊಬ್ಬಳದೇ. ಗುಂಪಿನಲ್ಲಿ ನೋವನ್ನೂ ಐವರು ಹಂಚಿಕೊಳ್ಳಬೇಕು.

ಇಪ್ಪತ್ತೆರಡಕ್ಕೆ ಎರಡು ಒಲಿಂಪಿಕ್ ಚಿನ್ನ. ಬಿಟ್ಟುಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಇಪ್ಪತ್ತೇಳನೇ ವಯಸ್ಸಿನಲ್ಲಿ, 2021ರ ಆಗಸ್ಟ್‌ನಲ್ಲಿ, ಟೋಕಿಯೋದ ಹಾಸಿನ ಮೇಲೆ ಮತ್ತೆ ನಿಂತಿದ್ದಳು. ಈ ಸಲ ರಷ್ಯಾದ ಧ್ವಜವೂ ಇರಲಿಲ್ಲ. ಉದ್ದೀಪನ ಮದ್ದು ಪ್ರಕರಣದ ಶಿಕ್ಷೆಯಾಗಿ ಅವರ ಆಟಗಾರರೆಲ್ಲ ಅಲ್ಲಿನ ಒಲಿಂಪಿಕ್ ಸಮಿತಿಯ ಹೆಸರಿನಲ್ಲಿ ಆಡಬೇಕಾಗಿತ್ತು. ಬಲ್ಗೇರಿಯಾ 92.100, ಇವರು 90.700. ಇಪ್ಪತ್ತು ವರ್ಷದ ಗೆಲುವಿನ ಸರಪಳಿ ಅವಳಿದ್ದ ಗುಂಪಿನಲ್ಲೇ ಕಡಿಯಿತು.

"ಅಂದ್ರ ಸೋತ್ಲು," ಅಂದಳು ಮಗಳು.

"ಬೆಳ್ಳಿ ಬಂತವಾ."

"ಆದ್ರೂ ಸೋತ್ಲು."

ವಾದ ಮಾಡಲಿಲ್ಲ. ಅವಳು ಹೇಳಿದ್ದು ಸರಿಯೇ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಮೂರು ಒಲಿಂಪಿಕ್ಸ್, ಮೂರು ಬೇರೆ ಬೇರೆ ಗುಂಪು, ಪ್ರತಿ ಸಲವೂ ಹೊಸಬರ ಕೈಗೆ ಸರಿಯಾಗಿ ಬೀಳುವ ಹಾಗೆ ಎಸೆಯುವುದನ್ನು ಮತ್ತೆ ಕಲಿತಳು. ಅವಳು ಸಂಪಾದಿಸಿದ್ದು ಇದೇ ಇರಬೇಕು. ಪದಕಪಟ್ಟಿಯಲ್ಲಿ ದೇಶದ ಹೆಸರು ದೊಡ್ಡದು, ಐವರ ಹೆಸರು ಸಣ್ಣದು. ಆ ಐವರಿಲ್ಲದೆ ಪಟ್ಟಿಯೇ ಇಲ್ಲ ಅನ್ನುವುದು ಹಾಸಿನ ಮೇಲೆ ನಿಂತವರಿಗೆ ಗೊತ್ತಿರುತ್ತದೆ.

ಸ್ವಲ್ಪ ಹೊತ್ತು ರಿಯೋದ ವಿಡಿಯೋ ನೋಡಿದಳು. ಆಮೇಲೆ ಕೇಳಿದಳು, "ಅಪ್ಪಾ, ಆರನೇದಾಕಿಗೂ ಪದಕ ಕೊಡ್ತಾರ?"

"ಲಂಡನ್‌ನಾಗ ಆರು ಮಂದಿ ಇದ್ರು, ಆರು ಮಂದಿಗೂ ಚಿನ್ನ. ರಿಯೋದಿಂದ ಐದೇ ಮಂದಿ. ಆರನೇದಾಕಿಗೆ ಜಾಗಾನೇ ಇಲ್ಲ."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಆರನೆಯವರಾಗಿ ನಿಂತವರಿಗೆ ಸುಳ್ಳು ಬೇಗ ತಿಳಿಯುತ್ತದೆ.

ಹುಬ್ಬಳ್ಳಿ ಬಸ್ಸು ಬಂತು. ಕಿಟಕಿ ಪಕ್ಕ ಕೂತು, ಬ್ಯಾಗಿನಿಂದ ಚೆಂಡು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಾತಾರಾ ದಾಟುವ ಹೊತ್ತಿಗೆ ನಿದ್ದೆ ಹೋಗಿದ್ದಳು. ಚೆಂಡು ಉರುಳಿ ನನ್ನ ಕಾಲಿಗೆ ಬಂತು, ಎತ್ತಿಕೊಂಡೆ.

ಸೋಮವಾರ ಅವಳು ಕ್ಲಾಸಿಗೆ ಹೋದಳು. "ಈ ತಿಂಗಳು ಮುಗೀಲಿ, ನೋಡೋಣು," ಅನ್ನುವ ಷರತ್ತಿನ ಮೇಲೆ. ನನ್ನ ಮೇಲ್ ಇನ್ನೂ ಡ್ರಾಫ್ಟಿನಲ್ಲೇ ಇದೆ. ಹೊಸ ಹುಡುಗರ ಜೊತೆ ಮೊದಲ ವಾರ ಮುಗಿಯಿತು. ಅವರಲ್ಲಿ ಒಬ್ಬ ಬಾಗಲಕೋಟೆಯವನು. ಮುಂದಿನ ಶುಕ್ರವಾರ ಅವನೂ ಸ್ವಾರಗೇಟಕ್ಕೆ ಬರುತ್ತಾನಂತೆ.