ಆಕ್ಸೆಂಟಿನ ತಕ್ಕಡಿಯಲ್ಲಿ ಟೀಚರು

ಇಂಗ್ಲಿಷ್ ಕಲಿಸುವವರಿಗೆ ಇಂಗ್ಲಿಷ್ ಗೊತ್ತಿರಬೇಕು, ಕಲಿಸುವುದೂ ಗೊತ್ತಿರಬೇಕು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಮ್ಮ ಶಾಲೆಗಳಲ್ಲಿ ಸದ್ದಿಲ್ಲದೆ ಮೂರನೇ ಶರತ್ತೊಂದು ಸೇರಿಕೊಂಡಿದೆ: ಅವರು ಬಾಯಿ ಬಿಟ್ಟರೆ ಯಾವ ಊರಿನವರು ಅಂತ ತಿಳಿಯಬಾರದು! ಈ ಶರತ್ತು ಟೀಚರಿಗೆ ಅನ್ಯಾಯ, ಮಕ್ಕಳಿಗೆ ನಷ್ಟ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ನಷ್ಟದ ಬಾಬತ್ತು ಕಂಡರೆ ಸುಮ್ಮನೆ ಪುಟ ತಿರುಗಿಸೋಕೆ ಆಗೋದಿಲ್ಲ.

ವರ್ಗವಾಗಿ ದಿಲ್ಲಿಗೆ ಬಂದವನು ನಿವೃತ್ತಿಯಾದ ಮೇಲೂ ಇಲ್ಲೇ, ಯಮುನೆಯಾಚೆಯ ಮಯೂರ್ ವಿಹಾರದಲ್ಲಿ ಉಳಿದುಕೊಂಡೆ. ನನ್ನ ತಂಗಿಯ ಮಗಳು ರಾಣೆಬೆನ್ನೂರಿನವಳು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ನಮ್ಮ ಮನೆಯಲ್ಲಿದ್ದುಕೊಂಡು ಇಲ್ಲಿ ಬಿ.ಎಡ್. ಮಾಡಿದಳು. ಅವಳು ಓದಿದ್ದು 2014ರ ನಿಯಮದ ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಆ 16 ವಾರಕ್ಕೆ ಅವಳಿಗೆ ಸಿಕ್ಕಿದ್ದು ನೋಯ್ಡಾದ ಒಂದು ಖಾಸಗಿ ಶಾಲೆ, ಏಳನೇ ಕ್ಲಾಸು. ಸಂಬಳ ಇಲ್ಲ, ಮೆಟ್ರೋ ಖರ್ಚು ನಮ್ಮದೇ. ಶಾಲೆಯ ಹೆಸರು ಇಲ್ಲಿ ಬೇಡ. ಅಂಥ ಶಾಲೆ ನಿಮ್ಮೂರಿನಲ್ಲೂ ಇರುತ್ತೆ.

ಅವಳು 'ಎಗ್' ಅನ್ನುವ ಕಡೆ 'ಯೆಗ್' ಅನ್ನುತ್ತಾಳೆ, 'ಓನ್ಲಿ' ಬದಲು 'ವೋನ್ಲಿ' ಅನ್ನುತ್ತಾಳೆ. ನಾವೆಲ್ಲ ಅನ್ನುವುದೂ ಹಾಗೇ. ಮಕ್ಕಳು ನಕ್ಕರು. ನಗಲಿ ಬಿಡಿ, ಮಕ್ಕಳಲ್ಲವೇ? ಎರಡನೇ ವಾರ ಮೇಲ್ವಿಚಾರಕಿ ಕರೆದು, 'ಪಾಠವನ್ನು ಗಟ್ಟಿಯಾಗಿ ಓದಬೇಡಿ, ಮಕ್ಕಳ ಬಾಯಿಗೆ ಸೌತ್ ಇಂಡಿಯನ್ ಆಕ್ಸೆಂಟ್ ಹತ್ತಿಕೊಂಡರೆ ಪೋಷಕರು ದೂರು ಕೊಡ್ತಾರೆ' ಅಂದರು. ಅಲ್ಲಿಂದ ಮುಂದೆ ಅವಳ ಪಾಲಿಗೆ ಬಂದದ್ದು ಬಹುಪಾಲು ನೋಟ್‌ಬುಕ್ ತಿದ್ದುವ ಕೆಲಸ, ರಜೆ ಹಾಕಿದ ಟೀಚರುಗಳ ಪೀರಿಯಡ್ಡು. ಕೊನೆಗೆ ಕೊಟ್ಟ ವರದಿಯಲ್ಲಿ ಒಂದು ಟೀಕೆ: 'ಎಂ.ಟಿ.ಐ. ಇದೆ.' ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ತಾಯ್ನುಡಿಯ ಸೋಂಕು ಅನ್ನಿ!

ಆ ನೋಟ್‌ಬುಕ್ಕುಗಳಲ್ಲಿ ಏನಿತ್ತು ಗೊತ್ತೇ? ಟಿ.ವಿ. ನಿರೂಪಕರ ಹಾಗೆ ಪಟಪಟ ಇಂಗ್ಲಿಷ್ ಮಾತಾಡುವ ಮಕ್ಕಳು ತಪ್ಪಿಲ್ಲದೆ ಐದು ವಾಕ್ಯ ಬರೆದಿರಲಿಲ್ಲ. 'ವೈ ಆರ್ ಯೂ' ಅನ್ನಬೇಕಾದ ಕಡೆ 'ವೈ ಯೂ ಆರ್'. 'ಎ' ಮತ್ತು 'ದಿ' ಇರಬೇಕಾದ ಕಡೆ ಖಾಲಿ. ಅದು ಯಾಕೆ ಅಂತ ನನ್ನ ಸೊಸೆಗೆ ನೋಡಿದ ಕೂಡಲೇ ಗೊತ್ತಾಯಿತು. ಇಂಗ್ಲಿಷಿನ 'ದಿ' ಕನ್ನಡದಲ್ಲೂ ಇಲ್ಲ, ಹಿಂದಿಯಲ್ಲೂ ಇಲ್ಲ. ಅವಳೂ ಒಂದು ಕಾಲಕ್ಕೆ ಅಲ್ಲೇ ಎಡವಿದವಳು. ಈಜಿ ದಾಟಿದವರಿಗೇ ತಾನೆ ಸುಳಿ ಎಲ್ಲಿದೆ ಅಂತ ಗೊತ್ತಿರೋದು? ಹಿಂದಿ ವಾಕ್ಯ, ಇಂಗ್ಲಿಷ್ ವಾಕ್ಯ ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಬೇಕು ಅಂತ ಅವಳಿಗೆ ಆಸೆ. ಆದರೆ ಬೋರ್ಡಿನ ಹತ್ತಿರ ಬಿಡಬೇಕಲ್ಲ!

ಇನ್ನು ದಿಲ್ಲಿಯವರ ಇಂಗ್ಲಿಷ್ ಕೇಳಿ. ಪೂರ್ವಾಂಚಲದಿಂದ ಬಂದವರ ಬಾಯಲ್ಲಿ ಸ್ಕೂಲು 'ಇಸ್ಕೂಲ್', ಪಂಜಾಬಿಗಳ ಬಾಯಲ್ಲಿ 'ಸಕೂಲ್'. ಚಿತ್ತರಂಜನ್ ಪಾರ್ಕಿನ ಬಂಗಾಳಿ ಬಾಬುಗಳಿಗೆ 'ವೆರಿ' ಅನ್ನೋದು 'ಭೆರಿ'. ಇದೆಲ್ಲ ನಡೆಯುತ್ತೆ, ನಮ್ಮ 'ಯೆಗ್' ಮಾತ್ರ ನಡೆಯೋದಿಲ್ಲ. ರಾಜಧಾನಿಯವರ ತಪ್ಪು ಶೈಲಿ ಅನ್ನಿಸಿಕೊಳ್ಳುತ್ತೆ, ದೂರದಿಂದ ಬಂದವರ ಶೈಲಿ ತಪ್ಪು ಅನ್ನಿಸಿಕೊಳ್ಳುತ್ತೆ. ಇದು ಭಾಷೆಯ ಪ್ರಶ್ನೆಯೋ, ಅಧಿಕಾರದ ಪ್ರಶ್ನೆಯೋ ನೀವೇ ಹೇಳಿ.

ತಾಯ್ನುಡಿಯ ಪ್ರಭಾವ ಅನ್ನುವುದು ಭಾಷಾಶಾಸ್ತ್ರದಲ್ಲಿ ಹಳೆಯ ವಿಚಾರ. ಅದನ್ನು ಮೂರಕ್ಷರದ ಕಾಯಿಲೆ ಮಾಡಿ ಊರೂರಿಗೆ ಹಂಚಿದ್ದು ಕಾಲ್ ಸೆಂಟರುಗಳು. ಪಕ್ಕದ ಗುರುಗ್ರಾಮದಲ್ಲಿ 1997ರಲ್ಲಿ ಜಿ.ಇ. ಕಂಪನಿ ತನ್ನ ಕೇಂದ್ರ ತೆರೆಯಿತು, ಹಿಂದೆಯೇ ಹತ್ತಾರು ಕಂಪನಿಗಳು ಬಂದವು. ಅಮೆರಿಕದ ಗಿರಾಕಿಗೆ ಗಲಿಬಿಲಿಯಾಗಬಾರದು ಅಂತ ಅವರು ಹುಡುಗರ ನಾಲಗೆ ಉಜ್ಜಿ ತೊಳೆದರು. ಅವರ ವ್ಯಾಪಾರಕ್ಕೆ ಅದು ಸರಿಯೇ ಇರಬಹುದು. ಆದರೆ ಶಾಲೆಯಲ್ಲಿ ಗಿರಾಕಿ ಎಲ್ಲಿದ್ದಾನೆ? ಏಳನೇ ಕ್ಲಾಸಿನ ಮಗು ಕ್ರೆಡಿಟ್ ಕಾರ್ಡಿನ ಬಗ್ಗೆ ದೂರು ಹೇಳೋಕೆ ಫೋನ್ ಮಾಡಿಲ್ಲ, ಕಲಿಯೋಕೆ ಬಂದಿದೆ.

ಹೊರದೇಶಗಳ ಕಥೆಯೂ ಬೇರೆಯಲ್ಲ. ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವವರು ಸಾಮಾನ್ಯವಾಗಿ ಮಾಡಿಕೊಳ್ಳುವ 'ಸೆಲ್ಟಾ' ಸರ್ಟಿಫಿಕೇಟು ಸುಮಾರು 120 ಗಂಟೆಯದು, ನಾಲ್ಕೈದು ವಾರಕ್ಕೆ ಮುಗಿಯುತ್ತೆ. 1987ರಲ್ಲಿ ಶುರುವಾದ ಜಪಾನಿನ 'ಜೆಟ್' ಯೋಜನೆಯಲ್ಲಿ ಸಹಾಯಕ ಟೀಚರಾಗಲು ಯಾವುದಾದರೂ ಡಿಗ್ರಿ ಇದ್ದರೆ ಸಾಕು, ಶಿಕ್ಷಕ ತರಬೇತಿ ಕಡ್ಡಾಯವಲ್ಲ. ಅಲ್ಲಿ ಸಲ್ಲುವ ಮುಖ್ಯ ಬಂಡವಾಳ ಹುಟ್ಟಿನಿಂದ ಬಂದ ಇಂಗ್ಲಿಷು. ಇಲ್ಲಿ ಎಂ.ಎ. ಮಾಡಿ, ಎರಡು ವರ್ಷ ಬಿ.ಎಡ್. ಓದಿದ ಹುಡುಗಿಗೆ 'ಓದಬೇಡಮ್ಮಾ' ಅಂತಾರೆ. ಹುಟ್ಟಿದ ಊರೇ ಅರ್ಹತೆ ಅನ್ನುವುದಾದರೆ ತರಬೇತಿ ಕಾಲೇಜುಗಳು ಯಾಕೆ ಬೇಕು ಸ್ವಾಮಿ?

ನಮ್ಮವರ ಚರಿತ್ರೆಯನ್ನಾದರೂ ನೆನಪು ಮಾಡಿಕೊಳ್ಳಿ. ಇಂಗ್ಲಿಷ್ ಬೋಧನೆಗೆಂದೇ ಕೇಂದ್ರ ಸರ್ಕಾರ 1958ರಲ್ಲಿ ಹೈದರಾಬಾದಿನಲ್ಲಿ ತೆರೆದ ಸಂಸ್ಥೆಗೆ ಶುರುವಿನ ವರ್ಷಗಳಲ್ಲೇ ನಿರ್ದೇಶಕರಾಗಿದ್ದವರು ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು. ನನ್ನ ಸೊಸೆಯ ಜಿಲ್ಲೆಯವರೇ! ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಮೈಸೂರಿನ ಎ.ಕೆ. ರಾಮಾನುಜನ್ ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದರು, ಇಂಗ್ಲಿಷಿನ ಕವಿಯೂ ಆದರು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರಲ್ಲಿ ಕನ್ನಡ ನೆಲದ ಹಳ್ಳಿಯೊಂದನ್ನು, ಅಲ್ಲಿನ ಮಾತಿನ ಧಾಟಿಯ ಸಮೇತ, 'ಕಾಂತಾಪುರ' ಅಂತ ಇಂಗ್ಲಿಷಿಗೆ ಒಯ್ದರು. ಎಂ.ಟಿ.ಐ. ಇದೆ ಅಂತ ಅದನ್ನು ವಾಪಸ್ ಕಳಿಸೋಣವೇ?

ಉಚ್ಚಾರಣೆ ಹೇಗಿದ್ದರೂ ನಡೆಯುತ್ತೆ ಅಂತ ನಾನು ಹೇಳ್ತಿಲ್ಲ. 'ಸ್ನ್ಯಾಕ್ಸ್' ಅನ್ನೋದಕ್ಕೆ 'ಸ್ನೇಕ್ಸ್' ಅಂದರೆ ಕೇಳಿದವರು ಓಡಿಹೋಗುತ್ತಾರೆ. ಅಂಥದ್ದನ್ನು ತಿದ್ದಲೇಬೇಕು. ಜೆನಿಫರ್ ಜೆಂಕಿನ್ಸ್ ಅನ್ನುವ ಬ್ರಿಟಿಷ್ ವಿದ್ವಾಂಸೆ 2000ದಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಅರ್ಥ ಕೆಡಿಸುವ ತಪ್ಪುಗಳು ಕೆಲವೇ, ಸ್ವರದ ಉದ್ದ ಗಿಡ್ಡ, ಒತ್ತು ಬೀಳುವ ಜಾಗ ಇಂಥವು, ಉಳಿದದ್ದನ್ನು ಆಯಾ ನಾಡಿನ ಧಾಟಿ ಅಂತ ಬಿಡಬಹುದು ಅನ್ನುವುದು ಅವರ ವಾದದ ಸಾರ. ಬ್ಯಾಂಕಿನಲ್ಲಿ ನಾವು ಮಾಡುತ್ತಿದ್ದದ್ದೂ ಇದೇ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗಬೇಕು, ಸಹಿ ಸರಿ ಇರಬೇಕು. ಕೈಬರಹ ದುಂಡಗಿಲ್ಲ ಅಂತ ಚೆಕ್ ವಾಪಸ್ ಮಾಡಿದ ಗುಮಾಸ್ತನನ್ನು ನಾನಂತೂ ಕಾಣಲಿಲ್ಲ.

ಊರಲ್ಲಿರುವ ನೀವು 'ದಿಲ್ಲಿಯವರ ಜಂಬ ಗೊತ್ತಿದ್ದದ್ದೇ' ಅಂತ ತಲೆಯಾಡಿಸಬಹುದು. ಸ್ವಲ್ಪ ತಾಳಿ. ಬಿ.ಎಡ್. ಮುಗಿಸಿ ಹುಡುಗಿ ಬೆಂಗಳೂರಿನ ಒಂದು ಶಾಲೆಗೆ ಸಂದರ್ಶನಕ್ಕೆ ಹೋದಳು. 'ದಿಲ್ಲಿಯಲ್ಲಿ ಓದಿದ್ದೀರಿ, ಆದರೂ ಉತ್ತರ ಕರ್ನಾಟಕದ ಟೋನ್ ಹೋಗಿಲ್ವಲ್ಲ' ಅಂದರಂತೆ. ಹೇಳಿದವರು ಕನ್ನಡಿಗರೇ! ನೋಯ್ಡಾದ ತಕ್ಕಡಿಯೇ ಬೆಂಗಳೂರಿನಲ್ಲೂ ಇದೆ, ತೂಗುವ ಕೈ ಬೇರೆ ಅಷ್ಟೆ.

ಇದು ಒಬ್ಬ ಹುಡುಗಿಯ ಕೆಲಸದ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕರ್ನಾಟಕದಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ಕೊಟ್ಟರು. ಅಲ್ಲಿ ಕಲಿಸಬೇಕಾದವರು ಯಾರು? ರಾಣೆಬೆನ್ನೂರು, ಸಿಂಧನೂರು, ಪಾವಗಡದ ಕನ್ನಡ ಶಾಲೆಗಳಲ್ಲಿ ಓದಿ ಬಂದವರೇ ತಾನೆ? ಅವರ ಇಂಗ್ಲಿಷನ್ನು ನಾವು ನಗೆಚಾಟಿಕೆ ಮಾಡಿದರೆ ಅವರು ಬಾಯಿ ಮುಚ್ಚಿಕೊಂಡು ಗೈಡಿನ ಉತ್ತರವನ್ನು ಬೋರ್ಡಿಗೆ ಇಳಿಸುತ್ತಾರೆ. ಮಕ್ಕಳೂ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತವೆ. ಮಾತಾಡೋಕೆ ಹೆದರುವ ಟೀಚರು ಮಾತಾಡುವ ಮಗುವನ್ನು ಬೆಳೆಸೋದು ಹೇಗೆ?

ಆದ್ದರಿಂದ ಮುಂದಿನ ಸಲ ಅಡ್ಮಿಷನ್ನಿಗೆ ಹೋದಾಗ ರಿಸೆಪ್ಷನ್ನಿನ ಇಂಗ್ಲಿಷಿಗೆ ಮರುಳಾಗಬೇಡಿ. ಆ ಶಾಲೆಯ ಏಳನೇ ಕ್ಲಾಸಿನ ನಾಲ್ಕು ನೋಟ್‌ಬುಕ್ ತೆಗೆಸಿ ನೋಡಿ. ಮಗು ಸ್ವಂತವಾಗಿ ಬರೆದ ವಾಕ್ಯ ಎಷ್ಟಿದೆ, ಟೀಚರು ಅದನ್ನು ಓದಿ ತಿದ್ದಿದ ಗುರುತು ಎಷ್ಟಿದೆ, ಎಣಿಸಿ. ಶಾಲೆ ಏನು ಕಲಿಸುತ್ತಿದೆ ಅನ್ನುವ ಲೆಕ್ಕ ಅಲ್ಲಿ ಸಿಗುತ್ತೆ. ಟೀಚರು 'ಯೆಗ್' ಅಂದರೂ ಸರಿ, 'ಎಗ್' ಅಂದರೂ ಸರಿ.