ಮಾರಾಟ ತಪ್ಪಿತು, ಚಾನೆಲ್ 4ರ ಸಂಕಟ ತಪ್ಪಲಿಲ್ಲ

ಬ್ರಿಟನ್ನಿನ ಚಾನೆಲ್ 4 ಬಗ್ಗೆ ಮಾತು ಬಂದರೆ ಅಲ್ಲಿನ ಹಳೇ ವೀಕ್ಷಕರು ಈಗಲೂ ಶುರು ಮಾಡೋದು 80ರ ದಶಕದಿಂದಲೇ. 1982ರ ನವೆಂಬರ್ 2ರಂದು ‘ಕೌಂಟ್‌ಡೌನ್’ ಎಂಬ ಪದ-ಲೆಕ್ಕದ ಆಟದೊಂದಿಗೆ ಆರಂಭವಾದ ವಾಹಿನಿಯಿದು. ಲಿವರ್‌ಪೂಲ್ ಬೀದಿಯ ಬದುಕು ತೋರಿಸಿದ ‘ಬ್ರೂಕ್‌ಸೈಡ್’, ಪಾಕಿಸ್ತಾನಿ ಮೂಲದ ಯುವಕನೊಬ್ಬನ ಪ್ರೇಮಕಥೆ ಹೇಳಿದ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’, ಸಂಜೆ 7ರ ಸುದೀರ್ಘ ಸುದ್ದಿ. ಬೇರೆಯವರು ಮುಟ್ಟದ ವಿಷಯ ಮುಟ್ಟುವುದೇ ಅದರ ಕೆಲಸವಾಗಿತ್ತು.

ಈ ಧೈರ್ಯ ಎಲ್ಲಿಂದ ಬಂತು? ಉತ್ತರ ಹಣಕಾಸಿನಲ್ಲಿದೆ. 1992ರ ಕೊನೆಯವರೆಗೂ ಅದರ ಜಾಹೀರಾತು ಮಾರುತ್ತಿದ್ದದ್ದು ಐಟಿವಿ ಕಂಪನಿಗಳು. ಖರ್ಚಿನ ಹಣವನ್ನೂ ಅವೇ ಕೊಡಬೇಕಿತ್ತು. 1993ರಿಂದ ಚಾನೆಲ್ 4 ತಾನೇ ಮಾರುಕಟ್ಟೆಗೆ ಇಳಿಯಿತು. ಅಲ್ಲಿಂದ ರೇಟಿಂಗ್ ಲೆಕ್ಕ ಬಿಟ್ಟು ಬದುಕುವ ಹಾಗಿರಲಿಲ್ಲ.

2000ದಲ್ಲಿ ಬಂದ ‘ಬಿಗ್ ಬ್ರದರ್’ ಜೇಬು ತುಂಬಿಸಿತು, ಮರ್ಯಾದೆ ಕಳೆಯಿತು. 2007ರ ಸೆಲೆಬ್ರಿಟಿ ಆವೃತ್ತಿಯಲ್ಲಿ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿ ಎದುರಿಸಿದ ಜನಾಂಗೀಯ ನಿಂದನೆಯ ವಿರುದ್ಧ 40 ಸಾವಿರಕ್ಕೂ ಹೆಚ್ಚು ದೂರು ಬಂದವು. ಅಲ್ಪಸಂಖ್ಯಾತರ ದನಿಯಾಗಲೆಂದು ಹುಟ್ಟಿದ ವಾಹಿನಿಯಲ್ಲೇ ಹೀಗಾಯಿತು!

2022ರಲ್ಲಿ ಸರ್ಕಾರ ಅದನ್ನು ಮಾರಲು ಹೊರಟಿತು. 2023ರ ಜನವರಿಯಲ್ಲಿ ಕೈಬಿಟ್ಟಿತು. ಆದರೆ ಜಾಹೀರಾತು ಆನ್‌ಲೈನ್‌ಗೆ ಜಾರುತ್ತಲೇ ಇದೆ. 2024ರ ಆರಂಭದಲ್ಲಿ ಸುಮಾರು 240 ಹುದ್ದೆ ಕಡಿತದ ಘೋಷಣೆಯೂ ಆಯಿತು.

ಒಡೆತನ ಸಾರ್ವಜನಿಕರದ್ದಾದರೆ ಸಾಲದು. ದುಡ್ಡು ಯಾರದ್ದು ಅನ್ನೋದೇ ಪರದೆಯ ಮೇಲೆ ಏನು ಬರಬೇಕೆಂದು ತೀರ್ಮಾನಿಸುತ್ತದೆ.