ಬರೀ 120 ವೋಲ್ಟ್ ತಾನೇ, ಏನಾಗುತ್ತೆ?



ಆಯುಧ ಪೂಜೆಯ ದಿನ ನಾವೆಲ್ಲ ಕಂಪ್ಯೂಟರಿಗೆ, ಕಾರಿಗೆ, ಅಂಗಡಿಯ ಗ್ರೈಂಡರಿಗೆ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಕೈಮುಗಿಯುತ್ತೇವೆ. ಬಹಳ ಸಂತೋಷ. ಆದರೆ ಅದೇ ಗ್ರೈಂಡರಿನ ಹಿಂದೆ ಟೇಪು ಸುತ್ತಿದ ಹರಕು ವೈರು, ಮೂರನೆಯ ಕಡ್ಡಿ ಮುರಿದ ಪ್ಲಗ್ಗು, ಒಂದು ಎಕ್ಸ್‌ಟೆನ್ಷನ್ ಕಾರ್ಡಿಗೆ ಸಿಕ್ಕಿಸಿದ ಮತ್ತೊಂದು ಕಾರ್ಡು, ಇವನ್ನು ಉಳಿದ 364 ದಿನ ನೋಡುವವರು ಯಾರು? ಕೇಳಿದರೆ ಉತ್ತರ ಸಿದ್ಧವಾಗಿದೆ: "ಇದು ಊರಿನ 230 ಅಲ್ಲ ಡಾಕ್ಟ್ರೇ, ಬರೀ 120 ವೋಲ್ಟ್. ಜುಮ್ ಅನ್ನುತ್ತೆ ಅಷ್ಟೇ."

ಈ ಮಾತನ್ನು ಲಾಸ್ ಏಂಜಲಿಸ್‌ನಲ್ಲೂ ಕೇಳಿದ್ದೇವೆ, ಸ್ಯಾನ್ ಡಿಯಾಗೋದಲ್ಲೂ ಕೇಳಿದ್ದೇವೆ, ಡಿಗ್ರಿ ಪಡೆದ ಇಂಜಿನಿಯರುಗಳ ಬಾಯಲ್ಲೂ ಕೇಳಿದ್ದೇವೆ. ವೈದ್ಯರಾಗಿ ನೇರವಾಗಿ ಹೇಳುತ್ತೇವೆ: ಇದು ಪ್ರಾಣ ತೆಗೆಯುವ ಮಾತು.

ಲೆಕ್ಕ ನೋಡಿ. ಕೊಲ್ಲುವುದು ದೇಹದೊಳಗೆ ಹರಿಯುವ ಕರೆಂಟಿನ ಪ್ರಮಾಣ. ಒಣಗಿದ ಚರ್ಮದ ಪ್ರತಿರೋಧ 1,00,000 ಓಮ್‌ವರೆಗೂ ಇರಬಹುದು. ಆಗ 120 ವೋಲ್ಟಿಗೆ ಹರಿಯುವುದು 1 ಮಿಲಿಆಂಪಿಯರಿನಷ್ಟು. ನೀವು ಹೇಳುವ "ಜುಮ್" ಇದೇ. ಅದೇ ಕೈ ಬೆವರಿದ್ದರೆ, ದೋಸೆ ಹಿಟ್ಟಿನಿಂದ ಒದ್ದೆಯಾಗಿದ್ದರೆ ಪ್ರತಿರೋಧ 1,000 ಓಮ್‌ಗೆ ಇಳಿಯಬಹುದು. ಆಗ ಹರಿಯುವುದು 120 ಮಿಲಿಆಂಪಿಯರ್. 10ರಿಂದ 20 ಮಿಲಿಆಂಪಿಯರಿಗೇ ಕೈಯ ಸ್ನಾಯುಗಳು ಬಿಗಿದು, ಹಿಡಿದ ವಸ್ತುವನ್ನು ಬಿಡಲು ಆಗುವುದಿಲ್ಲ. 100ರ ಆಸುಪಾಸಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಹೃದಯ ಲಯ ತಪ್ಪಿ, ರಕ್ತ ತಳ್ಳುವುದನ್ನು ಬಿಟ್ಟು ಬರೀ ನಡುಗತೊಡಗಬಹುದು. ಊರಿನ 230ಕ್ಕಿಂತ ಇಲ್ಲಿಯದು ಕಡಿಮೆ, ಒಪ್ಪಿದೆವು. ಸಾಯಲು ಇಷ್ಟು ಸಾಕು.

"ಬ್ರೇಕರ್ ಇದೆಯಲ್ಲ?" ಎನ್ನುವವರಿಗೂ ಒಂದು ಮಾತು. ಬ್ರೇಕರ್ ಬೀಳುವುದು 15 ಅಥವಾ 20 ಆಂಪಿಯರ್ ಮೀರಿದಾಗ; ಅಂದರೆ 15,000 ಮಿಲಿಆಂಪಿಯರ್ ದಾಟಿದ ಮೇಲೆ! ಅದು ಕಾಯುವುದು ಗೋಡೆಯೊಳಗಿನ ವೈರನ್ನು, ನಿಮ್ಮನ್ನಲ್ಲ. ಮನುಷ್ಯನನ್ನು ಕಾಯಲೆಂದೇ ನಮ್ಮ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜೀಲ್ 1961ರಲ್ಲಿ ಜಿ.ಎಫ್.ಸಿ.ಐ. ಎಂಬ ಸಾಧನ ಕಂಡುಹಿಡಿದರು. ಬಚ್ಚಲುಮನೆಯಲ್ಲಿ ಟೆಸ್ಟ್, ರೀಸೆಟ್ ಎಂಬ ಗುಂಡಿಗಳಿರುವ ಸಾಕೆಟ್ ಅದೇ. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 5 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ, ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುತ್ತದೆ. ಆ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ನಮ್ಮಲ್ಲಿ ಎಷ್ಟು ಜನ ಒತ್ತಿದ್ದೀರಿ?

ಜುಮ್ ಎನ್ನುವುದು ರೋಗಲಕ್ಷಣ. ಎದೆನೋವು ಬಂದವರು "ಗ್ಯಾಸು" ಎಂದು ಸುಮ್ಮನಿದ್ದರೆ ಬೈಯುವ ನಾವು, ಫ್ರಿಜ್ ಮುಟ್ಟಿದಾಗ ಜುಮ್ ಎಂದರೆ ಏಕೆ ಸುಮ್ಮನಿರಬೇಕು? ಪ್ಲಗ್ ಬಿಸಿಯಾಗುವುದು, ಸುಟ್ಟ ವಾಸನೆ, ದೀಪ ಮಿಣುಕುವುದು, ಬ್ರೇಕರ್ ಪದೇ ಪದೇ ಬೀಳುವುದು, ಎಲ್ಲವೂ ಅದೇ ಜಾತಿಯ ಲಕ್ಷಣಗಳು. ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು ರೂಮ್ ಹೀಟರನ್ನು ಪವರ್ ಸ್ಟ್ರಿಪ್ಪಿಗೆ ಹಾಕುವುದೂ ಇದೇ ಪಟ್ಟಿಗೆ ಸೇರಿದ್ದು.

ಇನ್ನು ಖಾರವಾದ ಮಾತು. ನಮ್ಮ ಸದಸ್ಯರಲ್ಲಿ ಮಾಲೀಕರೂ ಇದ್ದಾರೆ, ಮ್ಯಾನೇಜರುಗಳೂ ಇದ್ದಾರೆ. ಅಡಿಗೆಮನೆಯ ಹುಡುಗ ಶಾಕ್ ಹೊಡೆಯಿತು ಎಂದರೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಎನ್ನುವುದು ನಮ್ಮ ಸಂಸ್ಕೃತಿಯಲ್ಲ, ಜಿಪುಣತನ. ಈ ರಾಜ್ಯದಲ್ಲಿ 1991ರಿಂದ ಪ್ರತಿ ಮಾಲೀಕರೂ ಅಪಘಾತ ತಡೆಯುವ ಲಿಖಿತ ಯೋಜನೆ ಇಟ್ಟುಕೊಳ್ಳಲೇಬೇಕು. ಅಪಾಯ ತೋರಿಸಿದವರನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಅವರ ವೀಸಾ ಯಾವುದು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಕ್ಯಾಲ್-ಓಷಾಕ್ಕೆ ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಹೆದರಿ ಕೂತಿರುವ ನಮ್ಮ ಮಕ್ಕಳಿಗೆ ಇದನ್ನು ಕನ್ನಡದಲ್ಲೇ ಹೇಳಿ.

ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು ಎಂದು ವೇದಿಕೆಯಲ್ಲಿ ಎದೆತಟ್ಟಿಕೊಳ್ಳುತ್ತೇವೆ. ಅದೇ ನಾಡಿನ ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ, ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ಸತ್ತರು. ನಮ್ಮ ರಾಜ್ಯೋತ್ಸವದಲ್ಲಿ ಅಲ್ಯೂಮಿನಿಯಂ ಏಣಿ ಹತ್ತಿ ಬ್ಯಾನರ್ ಕಟ್ಟುವವರೂ ಇಂಥ ಹುಡುಗರೇ ತಾನೇ? ಅವರಿಗೆ ಆ ದಿನ ಸಭಾಂಗಣವೇ ಕೆಲಸದ ಜಾಗ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ.

ಆದ್ದರಿಂದ ಸಮಿತಿಯ ಮುಂದೆ ನಮ್ಮ ಬೇಡಿಕೆ: ಪ್ರತಿ ಕಾರ್ಯಕ್ರಮಕ್ಕೂ ವಿದ್ಯುತ್ ಹೊಣೆ ಒಬ್ಬರ ಹೆಸರಿನಲ್ಲಿರಲಿ. ಹರಕು ಕಾರ್ಡು, ಮೂರು ಕಡ್ಡಿಯನ್ನು ಎರಡು ಮಾಡುವ ಅಡಾಪ್ಟರು ಕಸದ ಬುಟ್ಟಿಗೆ ಹೋಗಲಿ. ಹೊರಾಂಗಣದಲ್ಲಿ ಜಿ.ಎಫ್.ಸಿ.ಐ. ಇಲ್ಲದೆ ದೀಪ ಹೊತ್ತಿಸಬೇಡಿ. ಏಣಿ ಮರದ್ದೋ ಫೈಬರ್‌ಗ್ಲಾಸಿನದೋ ಆಗಿರಲಿ, ಮೇಲಿನ ತಂತಿಯಿಂದ ಕನಿಷ್ಠ 10 ಅಡಿ ದೂರವಿರಲಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಕರೆಂಟು ಆರಿಸಿ, 911ಕ್ಕೆ ಫೋನ್ ಮಾಡಿ. ಉಸಿರಿಲ್ಲದಿದ್ದರೆ ನಿಮಿಷಕ್ಕೆ 100ರಿಂದ 120 ಸಲ ಎದೆಯ ನಡುವೆ ಒತ್ತಿ, ಎ.ಇ.ಡಿ. ತರಿಸಿ. ಎದ್ದು ಕೂತವರನ್ನೂ ಡಾಕ್ಟರಿಗೆ ತೋರಿಸಿ. ಮೇಲೆ ಸಣ್ಣ ಬೊಬ್ಬೆ ಇದ್ದು ಒಳಗೆ ಸ್ನಾಯು ಸುಟ್ಟಿರಬಹುದು.

ಎದೆ ಒತ್ತುವುದನ್ನು ಕಲಿಸಿಕೊಡಲು ನಾವು ಸಿದ್ಧರಿದ್ದೇವೆ. ವಿದ್ಯುತ್ ಹೊಣೆ ಹೊರುವವರು ಯಾರು ಎಂಬುದನ್ನು ಸಮಿತಿಯವರು ಮುಂದಿನ ಸಂಚಿಕೆಯಲ್ಲೇ ತಿಳಿಸಲಿ.